ಅರಿಸಿನಕ್ಕೆ ಸುಣ್ಣ ಸೇರಿದಾಗ

ಒಂದು ಚೊಂಬು ನೀರಿಗೆ ಅರಿಸಿನ ಕಲಸಿ. ಅದಕ್ಕೆ ಚಿಟಿಕೆ ಸುಣ್ಣ ಹಾಕಿ ಕೈಯಾಡಿಸಿ. ಹಳದಿ ನೀರು ಕಣ್ಣೆದುರೇ ಕೆಂಪಾಗುತ್ತದೆ. ಅರಿಸಿನದಲ್ಲೂ ಇಲ್ಲದ, ಸುಣ್ಣದಲ್ಲೂ ಇಲ್ಲದ ಕೆಂಪು ಅದು. ಅರಿಸಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಗುಲಿದೊಡನೆ ಬಣ್ಣ ಬದಲಿಸುತ್ತದೆ ಎಂದು ರಸಾಯನಶಾಸ್ತ್ರ ಹೇಳುತ್ತದೆ. ನಮ್ಮ ಅಜ್ಜಿಯರು ಅದನ್ನು ಓಕುಳಿ ಎಂದು ಕರೆದು, ಆರತಿ ತಟ್ಟೆಗೂ ಮದುವೆ ಮನೆಗೂ ತಂದರು. ಕಾಮನ ಹುಣ್ಣಿಮೆಯ ಬಣ್ಣದಾಟಕ್ಕೂ ಅದೇ ಹೆಸರು.

ಬಣ್ಣ ಎಂಬ ಮಾತಿನಲ್ಲೇ ಒಂದು ಕಥೆಯಿದೆ. ಸಂಸ್ಕೃತದ ‘ವರ್ಣ’ ಪ್ರಾಕೃತದಲ್ಲಿ ‘ವಣ್ಣ’ವಾಗಿ, ಕನ್ನಡದ ಬಾಯಲ್ಲಿ ‘ಬಣ್ಣ’ವಾಯಿತು. ವರ್ಣವೆಂದರೆ ರಂಗೂ ಹೌದು, ಅಕ್ಷರವೂ ಹೌದು. ಮನುಷ್ಯರನ್ನು ನಾಲ್ಕು ಪಾಲು ಮಾಡಿದ ಗೆರೆಯೂ ಹೌದು. ಕನ್ನಡ ಆ ಗೆರೆಯನ್ನು ವರ್ಣಕ್ಕೇ ಬಿಟ್ಟು, ರಂಗನ್ನು ಬಣ್ಣವೆಂದು ಕರೆದುಕೊಂಡಿತು. ಪಾಲು ಮಾಡುವ ವರ್ಣವನ್ನು ಕಲಸುವ ಬಣ್ಣವಾಗಿಸುವ ಕೆಲಸವನ್ನು ವರ್ಷಕ್ಕೊಮ್ಮೆ ಮಾಡುವ ಹಬ್ಬವೇ ಹೋಳಿ ಎಂದು ನಾನು ನಂಬಿದ್ದೇನೆ.

ಇದನ್ನು ಕಾಣಲು ಬಾಗಲಕೋಟೆಗೆ ಹೋಗಬೇಕು. ಆಲಮಟ್ಟಿಯ ಹಿನ್ನೀರಿಗೆ ಊರಿನ ಒಂದು ಭಾಗವನ್ನೇ ಕೊಟ್ಟ ಆ ಪಟ್ಟಣ ಹೋಳಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಹುಣ್ಣಿಮೆಗೆ ಮೊದಲೇ ಓಣಿ ಓಣಿಗಳಲ್ಲಿ ಹಲಗಿ ಸದ್ದು ಏಳುತ್ತದೆ. ಹುಡುಗರು ಕಟ್ಟಿಗೆ, ಕುಳ್ಳು ಕದಿಯುತ್ತಾರೆ. ಆ ಕಳವನ್ನು ಯಾರೂ ಕಳವೆನ್ನುವುದಿಲ್ಲ. ಕಾಮನಿಗೆ ಇಡುವ ಬೆಂಕಿ ಬರುವುದು ದಲಿತ ಕೇರಿಯ ಮನೆಯಿಂದ. ಉತ್ತರ ಕರ್ನಾಟಕದ ಇನ್ನೂ ಹಲವು ಊರುಗಳಲ್ಲಿ ಈ ರೂಢಿಯಿದೆ. ಕಾಮ ಉರಿದ ಕೆಂಡವನ್ನು ಮನೆಗೆ ಒಯ್ದು, ಅದರಲ್ಲಿ ಕಡಲೆ ಹುರಿದು ತಿನ್ನುತ್ತಾರೆ. ಯಾವ ಕೇರಿಯ ನೀರನ್ನು ಮುಟ್ಟಬಾರದೆಂದು ಊರು ಕಟ್ಟಳೆ ಮಾಡಿತ್ತೋ, ಅದೇ ಕೇರಿಯ ಬೆಂಕಿ ಹೀಗೆ ಊರ ಒಲೆಗಳನ್ನು ಮುಟ್ಟುತ್ತದೆ. ತೊಗಲನ್ನು ಮೈಲಿಗೆ ಎನ್ನುತ್ತಿದ್ದ ಮನೆತನಗಳ ಮಕ್ಕಳೂ ಹಲಗಿಯನ್ನು ಎದೆಗೆ ಒತ್ತಿ ಬಾರಿಸುತ್ತಾರೆ.

ಬೂದಿಯಾದ ಮೇಲೆ ಬಣ್ಣ. ಬ್ಯಾರಲ್‌ಗಳನ್ನು ಹೇರಿಕೊಂಡ ಬಣ್ಣದ ಬಂಡಿಗಳು ಎದುರುಬದುರಾಗುತ್ತವೆ. ಒಂದೇ ಗಳಿಗೆಯಲ್ಲಿ ಯಾರು ಯಾವ ಓಣಿಯವರು, ಯಾರದು ಹೊಸ ಅಂಗಿ, ಯಾರದು ಹರಕು ಎಂಬುದೆಲ್ಲ ಅಳಿಸಿಹೋಗುತ್ತದೆ. ಶಿವನ ಹಣೆಗಣ್ಣಿಗೆ ಕಾಮ ತನ್ನ ಮೈ ಕಳೆದುಕೊಂಡು ಅನಂಗನಾದ ಎನ್ನುತ್ತದೆ ಪುರಾಣ. ಮರುದಿನ ಊರಿಗೆ ಊರೇ ಒಂದೇ ಮೈಯಾಗಿ ಬೀದಿಗಿಳಿಯುವುದನ್ನು ಕಂಡಾಗ, ಕಳೆದುಹೋದ ಆ ಮೈ ಇಲ್ಲಿ ಸಿಕ್ಕಿತೇನೋ ಅನ್ನಿಸುತ್ತದೆ.

ಈ ಆಟ ಹಳೆಯದು. ಏಳನೆಯ ಶತಮಾನದ ‘ರತ್ನಾವಳಿ’ ನಾಟಕದ ಮೊದಲ ಅಂಕದಲ್ಲೇ ಮದನೋತ್ಸವವಿದೆ: ಕೌಶಾಂಬಿಯ ಬೀದಿಗಳಲ್ಲಿ ಹಾರುವ ಬಣ್ಣದ ಹುಡಿ, ಚಿಮ್ಮುವ ನೀರು. ಬರೆದವನು ದೊರೆ ಹರ್ಷ. ಅವನನ್ನು ದಕ್ಷಿಣಕ್ಕೆ ಕಾಲಿಡದಂತೆ ತಡೆದವನು ಬಾದಾಮಿಯ ಇಮ್ಮಡಿ ಪುಲಕೇಶಿ. ಆ ಗೆಲುವನ್ನು ಸಾರುವ 634ರ ಐಹೊಳೆ ಶಾಸನವೂ, ಬಾದಾಮಿಯೂ ಇಂದು ಬಾಗಲಕೋಟೆ ಜಿಲ್ಲೆಯಲ್ಲಿವೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲೂ ಓಕುಳಿಯಾಡುವ ಹೆಂಗಸರು ಸಿಗುತ್ತಾರೆ.

ಅಂದಿನ ಬಣ್ಣ ಮರದಿಂದ ಇಳಿಯುತ್ತಿತ್ತು. ಎಲೆಯುದುರಿ ಬೋಳಾದ ಮುತ್ತುಗ ಮಾಘ ಫಾಲ್ಗುಣದಲ್ಲಿ ಕೊಂಬೆ ತುಂಬ ಕೆಂಡ ಹೊತ್ತು ನಿಲ್ಲುತ್ತದೆ. ಆ ಹೂವನ್ನು ಒಣಗಿಸಿ, ರಾತ್ರಿ ನೆನೆಹಾಕಿ, ಕುದಿಸಿದರೆ ಕಿತ್ತಳೆ ಮಿಶ್ರಿತ ಹಳದಿ ನೀರು ಸಿದ್ಧ. 1856ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಪ್ರಯೋಗಶಾಲೆಯಲ್ಲಿ ನೇರಳೆ ಬಣ್ಣ ತಯಾರಿಸಿದ ಮೇಲೆ ಬಣ್ಣ ಕಾರ್ಖಾನೆಯ ಸರಕಾಯಿತು. ಬಟ್ಟೆಗೆಂದು ಮಾಡಿದ್ದು ಕೆನ್ನೆಗೂ ಬಂತು. ಕಣ್ಣುರಿ, ಚರ್ಮದ ತುರಿಕೆ ಜೊತೆಗೆ ಬಂದವು. ಮುತ್ತುಗ ಈಗಲೂ ಪ್ರತಿ ವರ್ಷ ಹೂ ಬಿಡುತ್ತಿದೆ. ಮಕ್ಕಳ ಕೈಹಿಡಿದು ಅದರ ಬುಡಕ್ಕೆ ಹೋಗಿ ಬಿದ್ದ ಹೂ ಆಯ್ದರೆ ಹಬ್ಬದ ಅರ್ಧ ಅರ್ಥವನ್ನು ಅವರಿಗೆ ಕೊಟ್ಟಂತೆ.

ಉಳಿದರ್ಧ ಆ ಚೊಂಬಿನಲ್ಲಿದೆ. ಕೆಂಪಾದ ಓಕುಳಿಗೆ ನಿಂಬೆರಸ ಬಿಡಿ. ಕೆಂಪು ಹಿಂಜರಿದು ನೀರು ಮತ್ತೆ ಹಳದಿಯಾಗುತ್ತದೆ. ಕೂಡಿದ ಮನಸ್ಸುಗಳನ್ನು ಒಡೆಯುವುದಕ್ಕೆ ‘ಹುಳಿ ಹಿಂಡುವುದು’ ಎನ್ನುತ್ತೇವಲ್ಲ, ಹಾಗೆ. ಬೇಡವೆಂದ ಹೆಣ್ಣುಮಗಳ ಮೇಲೆ ಬಲವಂತದಿಂದ ಎರಚಿದ ಬಣ್ಣ ಹುಳಿ. ಕೇರಿಯಿಂದ ಬೆಂಕಿ ತಂದು, ಮರುದಿನ ಅದೇ ಕೇರಿಯವರನ್ನು ಹೊಸ್ತಿಲ ಹೊರಗೆ ನಿಲ್ಲಿಸುವುದೂ ಹುಳಿ. ಬಣ್ಣದಾಟ ಮುಗಿದು ಮೈ ತೊಳೆದುಕೊಳ್ಳುವಾಗ ಬಚ್ಚಲಲ್ಲಿ ಹರಿದುಹೋಗುವುದು ಬಣ್ಣವಷ್ಟೇ ಆಗಿರಲಿ. ಬೆರೆತದ್ದು ಉಳಿಯಲಿ.