ಕರಡಿ ಗುಡ್ಡದ ಹಾದಿಯೂ ನಮ್ಮ ತೋಟದ ಹಾದಿಯೂ

ಬೆಟ್ಟ ಹತ್ತಲು ಬರುವವರ ಸಂಖ್ಯೆ ಮಲೆನಾಡಿನಲ್ಲಿ ವರ್ಷದಿಂದ ವರ್ಷಕ್ಕೆ ಏರುತ್ತಿರುವುದನ್ನು ಬೆಳೆಗಾರ ಬಾಂಧವರು ಬಲ್ಲರು. ಕೆಲವರು ನಡೆದು ಬರುತ್ತಾರೆ, ಕೆಲವರು ದಪ್ಪ ಟೈರಿನ ಸೈಕಲ್ ತರುತ್ತಾರೆ. ತೋಟದೊಳಗೆ ಅವರಿಗೆ ಹಾದಿ ಬಿಡಬೇಕೆ, ಬೇಡವೆ? ಉತ್ತರ ಹೇಳುವ ಮೊದಲು ಬಯಲುಸೀಮೆಯ ಗುಡೇಕೋಟೆಯತ್ತ ಒಮ್ಮೆ ನೋಡೋಣ.

ಗುಡೇಕೋಟೆ ಕೂಡ್ಲಿಗಿ ತಾಲ್ಲೂಕಿನ ಊರು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗುವವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮಳೆ ಕಡಮೆ. ಪೇರಿಸಿಟ್ಟಂಥ ಹೆಬ್ಬಂಡೆಗಳು, ನಡುವೆ ಮುಳ್ಳಿನ ಕುರುಚಲು, ಪಾಳೆಯಗಾರರ ಕಾಲದ ಕೋಟೆ. ಚಿತ್ರದುರ್ಗದ ಒನಕೆ ಓಬವ್ವನ ತವರು ಇದೇ ಎಂದು ಜನ ಹೇಳುತ್ತಾರೆ. ಗುಡ್ಡ ಹತ್ತುವವರಿಗೆ ಇಂಥ ನೆಲವೆಂದರೆ ಹಬ್ಬ.

ಆದರೆ ಆ ಬಂಡೆಗಳಿಗೆ ಹಳೆಯ ಒಕ್ಕಲು ಕರಡಿ. 1994ರಲ್ಲಿ ದರೋಜಿಯಲ್ಲಿ, 2013ರಲ್ಲಿ ಗುಡೇಕೋಟೆಯಲ್ಲಿ ಕರಡಿಧಾಮಗಳಾದವು. ಕರಡಿ ಹಗಲು ಗವಿಯಲ್ಲಿ ಮಲಗಿ, ಸಂಜೆಗೆ ಗೆದ್ದಲು, ಇರುವೆ, ಹಣ್ಣು, ಜೇನು ಹುಡುಕಿ ಹೊರಡುತ್ತದೆ. ಚಳಿಗಾಲದಲ್ಲಿ ಹಾಕಿದ ಮರಿಗಳನ್ನು ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಕಣ್ಣು ಮಂದ. ತಿರುವಿನಲ್ಲಿ ಮನುಷ್ಯ ತಟ್ಟನೆ ಎದುರಾದರೆ ಹೆದರಿ ಮೇಲೆ ಬೀಳುವುದುಂಟು. ಆದ್ದರಿಂದ ಸದ್ದಿಲ್ಲದೆ ಇಳಿದು ಬರುವ ಸೈಕಲ್ಲಿಗೆ ಅಲ್ಲಿ ಅಪಾಯ ಹೆಚ್ಚು. ಸವಾರ ಸಂಜೆಗೆ ಊರು ಸೇರುತ್ತಾನೆ. ಕೆರಳಿದ ಕರಡಿಯ ಎದುರು ಮರುದಿನ ನಿಲ್ಲಬೇಕಾದವರು ಹೊಲಕ್ಕೆ ಹೊರಟ ರೈತ, ಕುರಿ ಮೇಯಿಸುವವ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ತಿರುಗುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಒಪ್ಪುವುದಿಲ್ಲ.

ನಮ್ಮ ಕಡೆಯ ಪಾಠವೂ ಬೇರೆಯಲ್ಲ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ಸೇರಿದರು. ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಪದ್ಧತಿ ತರಬೇಕಾಯಿತು. ಬೆಟ್ಟಕ್ಕೂ ಒಂದು ಅಳತೆಯಿದೆ.

ತೋಟಕ್ಕೂ ಅಷ್ಟೇ. ಅತಿಥಿಗಳಿಂದ ನಾಲ್ಕು ಕಾಸು ಬರುವುದು ಬೇಡವೆಂದು ನಾವು ಹೇಳುವುದಿಲ್ಲ. ಬೆಲೆ ಕುಸಿದ ವರ್ಷ ಅದೂ ಆಸರೆಯೇ. ಆದರೆ ಇಳಿಜಾರಿಗೆ ನೇರವಾಗಿ ಇಳಿದ ಹಾದಿ ಮಳೆಗೆ ಕೊರಕಲಾಗುತ್ತದೆ. ಬ್ರೇಕ್ ಹಿಡಿದ ಕಡೆ ಮಣ್ಣು ಸಡಿಲವಾಗಿ, ತೊಟ್ಟಿಲು ಗುಂಡಿ ತೋಡಿ ನಾವು ಹಿಡಿದಿಟ್ಟ ಮೇಲ್ಮಣ್ಣು ಹಳ್ಳದ ಪಾಲಾಗುತ್ತದೆ. ಹಾದಿ ಓರೆಯಾಗಿರಲಿ, ಅಲ್ಲಲ್ಲಿ ನೀರು ಹೊರಹೋಗಲು ಅಡ್ಡಗಾಲುವೆ ಇರಲಿ, ಅಡಿಕೆ ತೋಟದ ಬಸಿಗಾಲುವೆ ದಾಟುವಲ್ಲಿ ಸಂಕವಿರಲಿ. ಮಳೆಗಾಲದಲ್ಲಿಯೂ ಕೊಯ್ಲಿನ ದಿನಗಳಲ್ಲಿಯೂ ಹಾದಿ ಮುಚ್ಚಿರಲಿ. ಮುಂಜಾವು, ಮುಸ್ಸಂಜೆ ಆನೆ, ಕಾಟಿಗಳು ತಿರುಗಾಡುವ ಹೊತ್ತು. ಆಗ ಯಾರನ್ನೂ ಬಿಡಬಾರದು. ಸಂಗಡ ಊರಿನವರೊಬ್ಬರು ಹೋಗಲಿ, ಅವರಿಗೆ ಕೂಲಿಯೂ ಸಲ್ಲಲಿ.

ಒಬ್ಬರ ಗೇಟಿನಲ್ಲಿ ಹೊಕ್ಕವರು ಇನ್ನೊಬ್ಬರ ತೋಟದಲ್ಲಿ ಹೊರಬೀಳುತ್ತಾರೆ. ಆದುದರಿಂದ ಹಾದಿ ಬಿಡುವ ಮಾತನ್ನು ನೆರೆಹೊರೆಯವರು ಕೂಡಿ ಕುಳಿತು ತೀರ್ಮಾನಿಸುವುದು ಲೇಸು.