ಪಾಸ್ಟರಿಗೂ ಒಂದು ಸೋಮವಾರ ಬೇಕು

ಹೋದ ವರ್ಷ ಗುಡ್ ಫ್ರೈಡೇ ಹಿಂದಿನ ದಿನ. ಹೊಸಪೇಟೆಯ ನಮ್ಮ ಚರ್ಚಿನಲ್ಲಿ ಬೆಂಚು ಸರಿಸಿ ಕಸ ಗುಡಿಸ್ತಾ ಇದ್ವಿ. ನಮ್ಮ ಸಭೆಯಲ್ಲಿ ನರ್ಸ್ ಅಕ್ಕ ಒಬ್ಬರಿದ್ದಾರೆ. ಪಾಸ್ಟರ್ ಮುಖ ನೋಡಿ ಏನನ್ನಿಸಿತೋ, ಮನೆಯಿಂದ ಬಿಪಿ ಮಷೀನ್ ತರಿಸಿದರು. 170/110. ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರೂ ಹೆಚ್ಚುಕಡಿಮೆ ಅಷ್ಟೇ.

"ಈಸ್ಟರ್ ಒಂದು ಮುಗೀಲಿ, ಆಮೇಲೆ ಡಾಕ್ಟರ್ ಹತ್ರ ಹೋಗ್ತೀನಿ" ಅಂದರು ಪಾಸ್ಟರ್.

"ನೀವು ಕೊನೇ ಸಲ ರಜೆ ತಗೊಂಡಿದ್ದು ಯಾವಾಗ ಅಯ್ಯನವರೇ?" ಅಕ್ಕ ಕೇಳಿದರು. ಅವರು ಯೋಚಿಸ್ತಾನೇ ಇದ್ರು. ಪಕ್ಕದಲ್ಲಿದ್ದ ಪಾಸ್ಟರಮ್ಮ ಹೇಳಿದರು: "ನಮ್ಮ ಮಾವ ತೀರಿಕೊಂಡಾಗ ನಾಲ್ಕು ದಿನ ಊರಿಗೆ ಹೋಗಿದ್ವಲ್ಲ, ಅದೇ." ಅದಾಗಿ ಎರಡು ವರ್ಷ ದಾಟಿತ್ತು.

ನಾನು ಸಾಫ್ಟ್‌ವೇರ್ ಇಂಜಿನಿಯರ್. ಬೆಂಗಳೂರಿನ ಕಂಪನಿಗೆ ಹೊಸಪೇಟೆಯ ಮನೆಯಿಂದಲೇ ಕೆಲಸ ಮಾಡ್ತೀನಿ. ನಮ್ಮಲ್ಲಿ 'ಆನ್-ಕಾಲ್' ಅಂತ ಪಾಳಿ ಇರುತ್ತೆ. ರಾತ್ರಿ ಎರಡು ಗಂಟೆಗೆ ಸರ್ವರ್ ಕೈಕೊಟ್ಟರೆ ಆ ವಾರದ ಪಾಳಿಯವರ ಫೋನ್ ಹೊಡ್ಕೊಳ್ಳುತ್ತೆ. ವಾರ ಮುಗಿದರೆ ಇನ್ನೊಬ್ಬರಿಗೆ. ಆ ರಾತ್ರಿ ಲೆಕ್ಕ ಹಾಕಿದೆ. ನಮ್ಮ ಪಾಸ್ಟರ್ ಆರು ವರ್ಷದಿಂದ ಒಬ್ಬರೇ ಆನ್-ಕಾಲ್.

(ಅವರ ಒಪ್ಪಿಗೆ ಕೇಳಿಯೇ ಇದನ್ನ ಬರೀತಿದೀನಿ. "ಹೆಸರು ಮಾತ್ರ ಬೇಡಪ್ಪ" ಅಂದಿದ್ದಾರೆ.)

ಒಬ್ಬರು, ಮೂರು ಊರು

ಭಾನುವಾರ ಬೆಳಿಗ್ಗೆ ಹೊಸಪೇಟೆಯಲ್ಲಿ ಆರಾಧನೆ, ಸಂಜೆ ಸಂಡೂರಿನಲ್ಲಿ. ಗುರುವಾರ ಕಂಪ್ಲಿಯಲ್ಲಿ ಮನೆ ಪ್ರಾರ್ಥನೆ. ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿಗಳ ಮಧ್ಯೆ ಟೂ ವೀಲರ್ ಓಡಿಸೋದು ಹೇಗಿರುತ್ತೆ ಅಂತ ಈ ಕಡೆಯವರಿಗೆ ಗೊತ್ತು. ಅಲ್ಲಿ ಗಣಿಯಲ್ಲಿ ದುಡಿಯೋರ ಶಿಫ್ಟ್ ನೋಡಿ ಪ್ರಾರ್ಥನೆ ಇಡಬೇಕು. ಕಂಪ್ಲಿ ಕಡೆ ಭತ್ತ, ಕಬ್ಬಿನ ಹೊಲಕ್ಕೆ ಹೋಗೋರು ಮನೆ ಸೇರಿದ ಮೇಲೆಯೇ ಹಾಡು ಶುರು. ವಾಪಸ್ ಬರೋಷ್ಟರಲ್ಲಿ ರಾತ್ರಿ ಹನ್ನೊಂದು.

ಇದರ ಜೊತೆಗೆ ಮದುವೆ, ಮಣ್ಣು, ಆಸ್ಪತ್ರೆ, ಗಂಡ-ಹೆಂಡತಿ ಜಗಳ, ಮಕ್ಕಳಿಗೆ ಕಾಲೇಜು ಸೀಟು. ಹಂಪಿ ಪಕ್ಕದಲ್ಲೇ ಇದೆಯಲ್ಲ, ಬೇರೆ ಊರಿನ ಸಭೆಯವರು ನೋಡಲು ಬಂದರೆ ರೂಮು, ಊಟ, ಆಟೋ ಎಲ್ಲಕ್ಕೂ ಪಾಸ್ಟರಿಗೇ ಫೋನ್. ವಿರೂಪಾಕ್ಷ ಬಜಾರಿನಲ್ಲಿ ಗೈಡ್ ಕೆಲಸ ಕೂಡ ಅವರು ಮಾಡಿದ್ದನ್ನ ನಾನೇ ನೋಡಿದೀನಿ!

ಓಡಾಟಕ್ಕಿಂತ ಭಾರವಾದದ್ದು ಕೇಳಿಸಿಕೊಳ್ಳೋದು. ಇಡೀ ಸಭೆಯ ಗುಟ್ಟು ಅವರ ಹತ್ತಿರ ಇರುತ್ತೆ. ಅದನ್ನ ಯಾರಿಗೂ ಹೇಳೋ ಹಾಗಿಲ್ಲ. ತಮ್ಮ ಕಷ್ಟವನ್ನ ಸಭೆಯವರ ಹತ್ತಿರ ಹೇಳಿಕೊಂಡರೆ "ಪಾಸ್ಟರಿಗೇ ನಂಬಿಕೆ ಸಾಲದು" ಅನ್ನೋ ಮಾತು ಬರುತ್ತೆ. ಈ ಕೆಲಸ ಬಿಟ್ಟು ಶಾಲೆಯಲ್ಲಿ ಪಾಠ ಮಾಡೋಣ ಅಂತ ಎರಡು ಸಲ ಅನ್ನಿಸಿತ್ತಂತೆ. ಅದು ನಮಗೆ ಗೊತ್ತಾಗಿದ್ದು ಬಿಪಿ ಮಾತ್ರೆ ಶುರುವಾದ ಮೇಲೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾದಾಗ ಊರಿಗೆ ಊರೇ ಡ್ಯಾಮ್ ಕಡೆ ನೋಡಿತು. ಅಲ್ಲಿವರೆಗೆ ಆ ಚೈನ್ ಹೇಗಿದೆ ಅಂತ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಪಾಸ್ಟರ್ ವಿಷಯದಲ್ಲೂ ನಾವು ಹಾಗೇ ಇದ್ವಿ.

ಹಳೇ ಸಮಸ್ಯೆ, ಹಳೇ ಉತ್ತರ

ನಮ್ಮ ಬಳ್ಳಾರಿ ಸೀಮೆಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದರು. ಕನ್ನಡ ಕಲಿಯೋದು, ಶಾಲೆ, ಪ್ರಸಂಗ, ಬೈಬಲ್ ಅನುವಾದ, ಶುರುವಿನಲ್ಲಿ ಎಲ್ಲಕ್ಕೂ ಅವರೇ. ಕೆಲವು ವರ್ಷದ ನಂತರ ವಿಲಿಯಂ ರೀವ್ ಜೊತೆಯಾದರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. 1832ರಲ್ಲಿ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಅಂಥ ಕೆಲಸಕ್ಕೂ ಜೊತೆಗೊಬ್ಬರು ಬೇಕಾಯಿತು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2007ರಲ್ಲಿ ನಾರ್ತ್ ಕೆರೊಲಿನಾದ ಮೆಥಡಿಸ್ಟ್ ಪಾಸ್ಟರುಗಳ ಆರೋಗ್ಯದ ಬಗ್ಗೆ ದೊಡ್ಡ ಅಧ್ಯಯನ ಶುರು ಮಾಡಿತು. ಬೊಜ್ಜು, ಖಿನ್ನತೆ ಎರಡೂ ಅವರಲ್ಲಿ ಉಳಿದ ಜನರಿಗಿಂತ ಹೆಚ್ಚು ಅಂತ ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್ಔಟ್ ಅನ್ನು ಕೆಲಸದಿಂದ ಬರೋ ಸ್ಥಿತಿ ಅಂತ ಪಟ್ಟಿ ಮಾಡಿತು. ಅದು ಹೇಳಿದ ಮೂರು ಲಕ್ಷಣ: ಪೂರ್ತಿ ಸುಸ್ತು, ಕೆಲಸದ ಮೇಲೆ ಬೇಸರ, ಏನು ಮಾಡಿದರೂ ಸಾಲದು ಅನ್ನೋ ಭಾವ. ಐಟಿಯವರಾದ ನಮಗೆ ಇದು ಗೊತ್ತಿರೋ ಪದ. ಪಾಸ್ಟರಿಗೂ ಅನ್ವಯಿಸುತ್ತೆ ಅಂತ ಹೊಳೆದಿರಲಿಲ್ಲ ಅಷ್ಟೇ.

ಕ್ಯಾಥೋಲಿಕ್ ಸಭೆಯ 1983ರ ಕಾನೂನು ಸಂಹಿತೆಯಲ್ಲಿ ಧರ್ಮಕೇಂದ್ರದ ಗುರುವಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆ ಇದೆ. ಧ್ಯಾನಕೂಟದ ದಿನಗಳು ಆ ಲೆಕ್ಕಕ್ಕೆ ಸೇರೋದಿಲ್ಲ. ಬಿಷಪ್ ಇರುವ ಸಭೆಗಳಲ್ಲಿ ಕಷ್ಟ ಹೇಳಿಕೊಳ್ಳಲು ಮೇಲೊಬ್ಬರು ಇರುತ್ತಾರೆ. ಸ್ವತಂತ್ರ ಸಭೆಯ ಪಾಸ್ಟರಿಗೆ ರಜೆ ಕೊಡೋರು ಯಾರು? ನಾವೇ ಕೊಡಬೇಕು.

ಬೈಬಲಿನಲ್ಲೇ ಇದಕ್ಕೆ ಉತ್ತರ ಇದೆ. ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ಕೇಳ್ತಿರ್ತಾನೆ. ಅವನ ಮಾವ ಇತ್ರೋ ನೋಡಿ, ಹೀಗಾದರೆ ನೀನೂ ಬಳಲ್ತೀಯ, ಜನರೂ ಬಳಲ್ತಾರೆ, ಕೆಲಸ ಹಂಚು ಅಂತಾನೆ. ಸಾವಿರ, ನೂರು, ಐವತ್ತು, ಹತ್ತು ಜನಕ್ಕೊಬ್ಬ ಮುಖಂಡ. ಸಂಡೇ ಸ್ಕೂಲಿನಲ್ಲಿ ಎಲ್ಲರೂ ಓದಿದ್ವಿ. ಕಮಿಟಿ ಮೀಟಿಂಗಿನಲ್ಲಿ ಯಾರಿಗೂ ನೆನಪಾಗಿರಲಿಲ್ಲ.

ನಾವು ಮಾಡಿದ್ದು

ಈಸ್ಟರ್ ಮುಗಿದ ವಾರವೇ ಕಮಿಟಿ ಕರೆದರು. ಸೋಮವಾರ ಪಾಸ್ಟರಿಗೆ ರಜೆ ಅಂತ ನಾನು ಹೇಳಿದ್ದಕ್ಕೆ ಹಿರಿಯರೊಬ್ಬರು, "ದೇವರ ಕೆಲಸಕ್ಕೆ ರಜೆ ಏನಪ್ಪ? ದೇವರು ರಜೆ ತಗೊಂತಾನಾ?" ಅಂದರು. ಹಿಂದಿನ ಸಾಲಿನಿಂದ ಅಜ್ಜಿಯೊಬ್ಬರು, "ಏಳನೇ ದಿನ ತಗೊಂಡನಲ್ಲೋ!" ಅಂದರು. ಚರ್ಚೆ ಅಲ್ಲಿಗೇ ಮುಗಿಯಿತು.

ಸೋಮವಾರ ಪಾಸ್ಟರಿಗೆ ಬರುವ ಫೋನನ್ನ ಇಬ್ಬರು ಪಾಳಿಯಲ್ಲಿ ತಗೋತಾರೆ. ಸಾವು, ಅಪಘಾತ, ಆಸ್ಪತ್ರೆ ಆದರೆ ಮಾತ್ರ ಅವರಿಗೆ ತಿಳಿಸೋದು. ಸರ್ಟಿಫಿಕೇಟು, ಮದುವೆ ತಾರೀಕು, ಹಂಪಿ ಟ್ರಿಪ್ಪು ಎಲ್ಲ ಮಂಗಳವಾರಕ್ಕೆ. ನಾನು ಮೊದಲು ಚೆಂದದ ಗೂಗಲ್ ಶೀಟ್ ಮಾಡಿದ್ದೆ. ಯಾರೂ ತೆರೆದು ನೋಡಲಿಲ್ಲ. ಕೊನೆಗೆ ಕ್ಯಾಲೆಂಡರಿನ ಮೇಲೆ ಪೆನ್ನಲ್ಲಿ ಹೆಸರು ಬರೆದು ಗೋಡೆಗೆ ನೇತುಹಾಕಿದ ಮೇಲೆ ನಡೀತು.

ಸಂಡೂರಿನ ಸಂಜೆ ಪ್ರಾರ್ಥನೆಯನ್ನ ತಿಂಗಳಿಗೆ ಎರಡು ಸಲ ಅಲ್ಲಿಯ ಗಣಿ ಕೆಲಸಗಾರರೊಬ್ಬರು ನಡೆಸಬೇಕು ಅಂತಾಯಿತು. ಮೊದಲ ದಿನ ಹಾಡು ಎತ್ತಿದ ಶ್ರುತಿ ಯಾರ ಗಂಟಲಿಗೂ ಸಿಗಲಿಲ್ಲ, ಪ್ರಸಂಗ ಏಳು ನಿಮಿಷಕ್ಕೆ ಮುಗಿದುಹೋಯಿತು. ಹಿಂದೆ ನೋಡಿದರೆ ಪಾಸ್ಟರ್ ಕೊನೇ ಸಾಲಲ್ಲಿ ಕೂತಿದ್ದಾರೆ! ರಜೆ ಕೊಟ್ಟರೂ ಬಂದಿದ್ದರು. "ಬಿಡೋಕೆ ಭಯ ಆಗ್ತದಪ್ಪ" ಅಂದರು. ನನಗೆ ಆ ಮಾತು ಚೆನ್ನಾಗಿ ಅರ್ಥವಾಯಿತು. ಟೀಮ್ ಲೀಡ್ ಆದ ಮೊದಲ ವರ್ಷ ಎಲ್ಲರ ಕೋಡನ್ನ ನಾನೇ ತಿದ್ದಿ ಬರೀತಿದ್ದೆ.

ಆಮೇಲೆ ಪಾಸ್ಟರ್ ಶನಿವಾರ ಅವರ ಜೊತೆ ಕೂತು ವಾಕ್ಯ ಓದಿಸಿ, ಪ್ರಸಂಗ ತಯಾರಿ ಹೇಳಿಕೊಡೋಕೆ ಶುರು ಮಾಡಿದರು. ಕಂಪ್ಲಿಯಲ್ಲಿ ಇಬ್ಬರು ಹೆಂಗಸರು ಮನೆ ಪ್ರಾರ್ಥನೆ ವಹಿಸಿಕೊಂಡರು. ಈಗ ಸಂಡೂರಿಗೆ ಪಾಸ್ಟರ್ ಬಾರದ ವಾರವೂ ಜನ ಕಮ್ಮಿಯಾಗೋದಿಲ್ಲ. ಹೊಸ ಮುಖಂಡರು ಬೆಳೆದರು, ಬೆಳೆಸೋದನ್ನ ಪಾಸ್ಟರೂ ಕಲಿತರು.

ಇನ್ನೊಂದು ಅವರೇ ಹುಡುಕಿಕೊಂಡಿದ್ದು. ಬೇರೆ ಬೇರೆ ಸಭೆಯ ನಾಲ್ಕೈದು ಪಾಸ್ಟರುಗಳು ತಿಂಗಳಿಗೊಮ್ಮೆ ಸೇರಿ ಚಹಾ ಕುಡೀತಾರೆ. ಅಜೆಂಡಾ ಇಲ್ಲ, ಭಾಷಣ ಇಲ್ಲ. ಅಲ್ಲಿ ಆಡಿದ್ದು ಅಲ್ಲೇ ಇರುತ್ತೆ.

ನೀವೂ ಮಾಡಬಹುದು

• ವಾರಕ್ಕೊಂದು ದಿನ ಗೊತ್ತು ಮಾಡಿ, ಆ ದಿನ ಫೋನ್ ಬೇರೆಯವರು ತಗೊಳ್ಳಿ.

• ಮೂರು ತಿಂಗಳಿಗೊಮ್ಮೆ ಬಿಪಿ, ಶುಗರ್ ಚೆಕ್. ಕರೆದುಕೊಂಡು ಹೋಗೋ ಜವಾಬ್ದಾರಿ ಒಬ್ಬರಿಗಿರಲಿ.

• ಸಂಬಳ ತಾರೀಕಿಗೆ ಸರಿಯಾಗಿ ಕೊಡಿ. ಪೆಟ್ರೋಲ್ ಖರ್ಚು ಬೇರೆ ಕೊಡಿ.

• ಲೆಕ್ಕ, ಬ್ಯಾಂಕು, ಸ್ಲೈಡ್ ಕೆಲಸ ನಮ್ಮ ವಯಸ್ಸಿನವರು ಮಾಡೋಣ. ನಮಗೆ ಬರುತ್ತಲ್ಲ.

• ಕಲಿಯಲು ಕಳಿಸಿ. ವೆಲ್ಲೂರಿನ ಸಿಎಂಸಿಯಲ್ಲಿ ರೋಗಿಗಳ ನಡುವೆಯೇ ಪಾಸ್ಟರುಗಳಿಗೆ ಆಪ್ತಸಮಾಲೋಚನೆ ಕಲಿಸುವ ತರಬೇತಿ ಇದೆ.

• ಮನಸ್ಸು ತೀರಾ ಕುಗ್ಗಿದ್ದರೆ ಪ್ರಾರ್ಥನೆಯ ಜೊತೆ ಡಾಕ್ಟರೂ ಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416, ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು.

ನೀವು ಕ್ರೈಸ್ತರಲ್ಲದಿದ್ದರೂ ನಿಮ್ಮ ಗುಡಿಯ ಅರ್ಚಕರು, ಮಸೀದಿಯ ಇಮಾಮರು, ಮಠದ ಬುದ್ಧಿಯವರು ಕಣ್ಣ ಮುಂದೆ ಬಂದಿರಬಹುದು. ಅವರನ್ನೂ ಒಮ್ಮೆ ಕೇಳಿ ನೋಡಿ.

ಮೊನ್ನೆ ಸೋಮವಾರ ಸಂಜೆ ಡ್ಯಾಮಿನ ಗಾರ್ಡನ್ನಿನಲ್ಲಿ ಪಾಸ್ಟರ್ ಕುಟುಂಬ ಸಿಕ್ಕಿತು. ಮಗಳು ಚುರುಮುರಿ ತಿಂತಿದ್ದಳು. ನನ್ನ ಕಂಡಕೂಡಲೇ ಪಾಸ್ಟರ್ ಅಭ್ಯಾಸಬಲದಿಂದ, "ಏನಾದ್ರೂ ಕೆಲಸ ಇತ್ತೇನಪ್ಪ?" ಅಂದರು.

"ಇಲ್ಲ ಅಯ್ಯನವರೇ. ನೀವು ಆರಾಮಿದೀರಾ?" ಅಂತ ಕೇಳಿದೆ.

ಆರು ವರ್ಷದಲ್ಲಿ ನಾನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.