ಕರ್ನಲ್ ಹಚಿನ್‌ಸನ್ನನ ಚರಿತ್ರೆಯೂ ಅದರ ಸಾಕ್ಷ್ಯವೂ

ಇಂಗ್ಲೆಂಡಿನಲ್ಲಿ ಒಂದನೆಯ ಚಾರಲ್ಸ್ ದೊರೆಗೂ ಪಾರ್ಲಿಮೆಂಟಿಗೂ ೧೬೪೨ರಲ್ಲಿ ಮೊದಲಾದ ಅಂತರ್ಯುದ್ಧದ ನಾಯಕರಲ್ಲಿ ಜಾನ್ ಹಚಿನ್‌ಸನ್ನನು ಅಗ್ರಗಣ್ಯನಲ್ಲ. ಆದರೂ ಆತನ ಜೀವಿತವು ವಿದ್ವಾಂಸರ ಪರಿಶೀಲನೆಗೆ ಇಂದಿಗೂ ಪಾತ್ರವಾಗಿರುವುದಕ್ಕೆ ಆತನ ಪತ್ನಿ ಲೂಸಿಯು ಬರೆದಿಟ್ಟ ಚರಿತ್ರೆಯೇ ಕಾರಣ.

ಹಚಿನ್‌ಸನ್ನನು ೧೬೧೫ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಜನಿಸಿದನು. ತಂದೆಯಾದ ಸರ್ ತಾಮಸನು ಔಥಾರ್ಪ್ ಗ್ರಾಮದ ಭೂಸ್ವಾಮಿ. ೧೬೩೮ರಲ್ಲಿ ಈತನು ವರಿಸಿದ ಲೂಸಿಯು ಲಂಡನ್ ಟವರ್ ಕೋಟೆಯ ಅಧಿಕಾರಿಯ ಮಗಳು. ಲುಕ್ರೀಷಿಯಸನ ಲ್ಯಾಟಿನ್ ಕಾವ್ಯವನ್ನು ಸಮಗ್ರವಾಗಿ ಇಂಗ್ಲಿಷಿಗೆ ತಂದ ವಿದುಷಿ. ೧೬೪೩ರಲ್ಲಿ ನಾಟಿಂಗ್‌ಹ್ಯಾಮ್ ಕೋಟೆಯ ಗವರ್ನರನಾದ ಹಚಿನ್‌ಸನ್ನನು, ಲೂಸಿಯ ಹೇಳಿಕೆಯಂತೆ, ದೊರೆಯ ಪಕ್ಷದವರು ಒಡ್ಡಿದ ೧೦,೦೦೦ ಪೌಂಡುಗಳ ಆಶೆಯನ್ನು ನಿರಾಕರಿಸಿ, ಕೋಟೆಯನ್ನು ಪಾರ್ಲಿಮೆಂಟಿನ ಪರವಾಗಿ ಕಾಪಾಡಿದನು. ೧೬೪೬ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದನು. ೧೬೪೯ರಲ್ಲಿ ದೊರೆಯ ಮರಣದಂಡನೆಯ ಆಜ್ಞಾಪತ್ರಕ್ಕೆ ರುಜು ಹಾಕಿದ ೫೯ ಮಂದಿಯಲ್ಲಿ ಈತನೂ ಒಬ್ಬನು. ೧೬೫೩ರಲ್ಲಿ ಕ್ರಾಮ್‌ವೆಲ್ಲನು ಪಾರ್ಲಿಮೆಂಟನ್ನು ಚದುರಿಸಿದ ಮೇಲೆ ತನ್ನ ಜಮೀನಿಗೆ ಹಿಂದಿರುಗಿದನು.

೧೬೬೦ರಲ್ಲಿ ಎರಡನೆಯ ಚಾರಲ್ಸನು ಪಟ್ಟಕ್ಕೆ ಬರಲು, ರುಜು ಹಾಕಿದವರಲ್ಲಿ ಕೆಲವರು ವಧೆಗೊಳಗಾದರು. ಆಗ ಹಚಿನ್‌ಸನ್ನನ ಹೆಸರಿನಲ್ಲಿ ಪಶ್ಚಾತ್ತಾಪದ ಪತ್ರವೊಂದು ಪಾರ್ಲಿಮೆಂಟಿಗೆ ಬಂದಿತು. ಆತನ ಸದಸ್ಯತ್ವವು ಹೋದರೂ ಪ್ರಾಣವೂ ಆಸ್ತಿಯೂ ಉಳಿದವು. ಪತಿಗೆ ಒಪ್ಪಿಗೆಯಿಲ್ಲದಿದ್ದರೂ ತಾನೇ ಆ ಪತ್ರವನ್ನು ಬರೆದು ಆತನ ಹೆಸರನ್ನು ಹಾಕಿದೆನೆಂದು ಲೂಸಿಯು ತನ್ನ ಗ್ರಂಥದಲ್ಲಿ ಹೇಳಿಕೊಂಡಿದ್ದಾಳೆ.

ಈ ಮಾತು ನಿಜವಾದರೆ ಹಚಿನ್‌ಸನ್ನನು ತನ್ನ ಧ್ಯೇಯದಿಂದ ಕದಲಲಿಲ್ಲ. ಅಲ್ಲವಾದರೆ ಸಹಚರರು ಸಾಯುತ್ತಿರುವಾಗ ತಾನು ಕ್ಷಮೆ ಬೇಡಿ ಉಳಿದನೆಂದಾಗುತ್ತದೆ. ಇದಕ್ಕೆ ಆಕೆಯ ಬರೆಹವೇ ಮುಖ್ಯ ಆಧಾರವಾದುದರಿಂದ ಆಧುನಿಕ ವಿದ್ವಾಂಸರು ಶಂಕಿಸಿರುವುದು ಅಸಹಜವಲ್ಲ. ಗ್ರಂಥದ ಉದ್ದೇಶವನ್ನೂ ಇಲ್ಲಿ ಗಮನಿಸಬೇಕು. ೧೬೬೩ರಲ್ಲಿ ರಾಜದ್ರೋಹದ ಸಂಶಯದ ಮೇಲೆ ಬಂಧಿತನಾದ ಹಚಿನ್‌ಸನ್ನನು ೧೬೬೪ನೆಯ ಸೆಪ್ಟೆಂಬರ್ ೧೧ರಂದು ಕೆಂಟ್ ಪ್ರಾಂತದ ಸ್ಯಾಂಡೌನ್ ಕೋಟೆಯಲ್ಲಿ ಮಡಿದನು. ಆ ಬಳಿಕ ಲೂಸಿಯು ಮಕ್ಕಳಿಗೆ ತಂದೆಯ ಆದರ್ಶವನ್ನು ತೋರಿಸಲೆಂದೇ ಇದನ್ನು ರಚಿಸಿದಳು, ಮುದ್ರಣಗೊಂಡುದು ೧೮೦೬ರಲ್ಲಿ.

ಲೂಸಿಯು ಗ್ರಂಥದಲ್ಲಿ ತನ್ನನ್ನೂ ಅನ್ಯಳೆಂಬಂತೆ ಪ್ರಥಮಪುರುಷದಲ್ಲಿಯೇ ನಿರೂಪಿಸಿದ್ದಾಳೆ. ಆಕೆಯ ಲೇಖನಿಯಲ್ಲಿ ಪತಿಯು ನಿಷ್ಕಳಂಕನು. ಪತಿಯ ಮಾತನ್ನು ಮೀರಿದ ತಪ್ಪು ಮಾತ್ರ ಆಕೆಯದು. ಆದುದರಿಂದ ಕೋಟೆ, ಯುದ್ಧ, ಸಭೆಗಳ ವಿಷಯದಲ್ಲಿ ಈ ಗ್ರಂಥವನ್ನು ಇತರ ದಾಖಲೆಗಳೊಡನೆ ತೂಗಿ ನೋಡತಕ್ಕದ್ದು. ಪತ್ರದ ವಿಷಯದಲ್ಲಿಯಾದರೋ ಪತಿಯ ಕೀರ್ತಿಗಾಗಿ ಪತ್ನಿಯು ತಾನೇ ಹೊತ್ತ ಹೊರೆಯ ಸಾಕ್ಷ್ಯವೆಂದು ಓದತಕ್ಕದ್ದು.